ಐದು ಎಸ್‌ಐಪಿ, ಒಂದು ಶುಲ್ಕದ ಗಡುವು: ಮೊದಲ ಮ್ಯೂಚುವಲ್ ಫಂಡ್ ಹೂಡಿಕೆಯ ಪ್ರಕರಣ ಅಧ್ಯಯನ

ಈ ಕಡತದಲ್ಲಿರುವುದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಥೆಯಲ್ಲ. ಮೊದಲ ಸಲ ಹೂಡಿಕೆ ಮಾಡುವವರಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳನ್ನು ಒಬ್ಬಳೇ ಹೂಡಿಕೆದಾರಳ ಹೆಸರಿಗೆ ಬರೆದು, ಲೆಕ್ಕ ಸ್ಪಷ್ಟವಾಗಲೆಂದು ಅಂಕಿಗಳನ್ನು ಹೊಂದಿಸಲಾಗಿದೆ. ನಿಯಮಗಳು, ತೆರಿಗೆ ದರಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಆರಂಭದ ಸ್ಥಿತಿ

ವಯಸ್ಸು 28, ಖಾಸಗಿ ಕಂಪನಿಯಲ್ಲಿ ಕೆಲಸ. ಕೈಗೆ ಬರುವ ಸಂಬಳ ₹46,000, ಪ್ರತಿ ತಿಂಗಳ 5ರಂದು ಜಮೆ. ಬಾಡಿಗೆಯೂ ಸೇರಿ ಖರ್ಚು ₹31,000. ಉಳಿಯುವುದು ₹15,000. ಇನ್ನೊಂದು ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ₹90,000 ಸುಮ್ಮನೆ ಬಿದ್ದಿದೆ. ಕ್ರೆಡಿಟ್ ಕಾರ್ಡಿನಲ್ಲಿ ₹38,000 ಬಾಕಿ ಇದೆ. ಅದಕ್ಕೆ ತಿಂಗಳಿಗೆ ಶೇ 3.5 ಬಡ್ಡಿ, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. ಪ್ರತಿ ಸಲ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಬಂದಿದ್ದಾಳೆ. ಇನ್ನು ಹದಿನೇಳು ತಿಂಗಳಿಗೆ, ಅಂದರೆ ಮುಂದಿನ ವರ್ಷದ ಜೂನ್ ಕೊನೆಗೆ, ಸ್ನಾತಕೋತ್ತರ ಕೋರ್ಸಿಗೆ ₹2,00,000 ಶುಲ್ಕ ಕಟ್ಟಬೇಕು.

ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದಿದ್ದರೆ ಮುಂದಿನ ಮುಕ್ಕಾಲು ಪಾಲು ತೊಂದರೆ ಬರುತ್ತಲೇ ಇರಲಿಲ್ಲ. ಬರೆಯಲಿಲ್ಲ. ಜನವರಿಯಲ್ಲಿ ಒಂದು ಸಂಜೆ ಕೂತು, ಆ್ಯಪ್‌ನಲ್ಲಿ ಫಂಡ್‌ಗಳನ್ನು "ಕಳೆದ 1 ವರ್ಷದ ಲಾಭ"ದ ಪ್ರಕಾರ ಜೋಡಿಸಿ, ಮೇಲಿದ್ದವುಗಳಲ್ಲಿ ನಾಲ್ಕನ್ನು ಆರಿಸಿ ಎಸ್‌ಐಪಿ, ಅಂದರೆ ತಿಂಗಳು ತಿಂಗಳೂ ಖಾತೆಯಿಂದ ತಾನಾಗಿ ಹೋಗುವ ಹೂಡಿಕೆಯ ಕಂತು, ಗೊತ್ತುಮಾಡಿದಳು: ಸ್ಮಾಲ್ ಕ್ಯಾಪ್‌ಗೆ ₹4,000, ಮಿಡ್ ಕ್ಯಾಪ್‌ಗೆ ₹3,000, ತಂತ್ರಜ್ಞಾನ ವಲಯದ ಫಂಡ್‌ಗೆ ₹2,000, ತೆರಿಗೆ ಉಳಿಸುವ ಇಎಲ್‌ಎಸ್‌ಎಸ್‌ಗೆ ₹2,000. ಐದನೆಯದು, ಬ್ಯಾಂಕಿನ ಸಿಬ್ಬಂದಿ ಹೇಳಿ ಮಾಡಿಸಿದ ಲಾರ್ಜ್ ಕ್ಯಾಪ್ ಫಂಡ್, ₹1,000. ಒಟ್ಟು ₹12,000.

ಮೊದಲ ಅಡ್ಡಿ: ಕೆವೈಸಿ

ಆಕೆಯ ಕೆವೈಸಿ (ಗುರುತು, ವಿಳಾಸಗಳ ದಾಖಲೆ ಪರಿಶೀಲನೆ) ಹಲವು ವರ್ಷ ಹಿಂದಿನದು. ಐದರಲ್ಲಿ ಎರಡು ಫಂಡ್ ಸಂಸ್ಥೆಗಳು ಅರ್ಜಿಯನ್ನು ಮುಂದಕ್ಕೆ ಬಿಡಲಿಲ್ಲ. ಕೆವೈಸಿ ಇದೆಯೋ ಇಲ್ಲವೋ ಎಂಬುದಷ್ಟೇ ಈಗ ಪ್ರಶ್ನೆಯಲ್ಲ, ಯಾವ ಸ್ಥಿತಿಯಲ್ಲಿದೆ ಎಂಬುದು ಮುಖ್ಯ. ಕೆವೈಸಿ ನೋಂದಣಿ ಸಂಸ್ಥೆಗಳ (ಕ್ಯಾಮ್ಸ್, ಸಿವಿಎಲ್, ಕೆಫಿನ್ ಮೊದಲಾದವು) ವೆಬ್‌ಸೈಟಿನಲ್ಲಿ ಪ್ಯಾನ್ ಸಂಖ್ಯೆ ಹಾಕಿದರೆ ಸ್ಥಿತಿ ಗೊತ್ತಾಗುತ್ತದೆ. "ವ್ಯಾಲಿಡೇಟೆಡ್" ಎಂದಿದ್ದರೆ ಯಾವ ಸಂಸ್ಥೆಯಲ್ಲಾದರೂ ಹೂಡಬಹುದು. "ರಿಜಿಸ್ಟರ್ಡ್" ಎಂದಿದ್ದರೆ ಈಗಾಗಲೇ ಖಾತೆ ಇರುವ ಕಡೆ ವ್ಯವಹಾರ ನಡೆಯುತ್ತದೆ, ಹೊಸ ಸಂಸ್ಥೆಗೆ ಹೋದರೆ ದಾಖಲೆ ಮತ್ತೆ ಕೊಡಬೇಕು. "ಆನ್ ಹೋಲ್ಡ್" ಎಂದಿದ್ದರೆ ಅದನ್ನು ಸರಿಪಡಿಸುವ ತನಕ ಉಳಿದದ್ದೆಲ್ಲ ವ್ಯರ್ಥ. ಮೊಬೈಲ್ ಸಂಖ್ಯೆ, ಇ-ಮೇಲ್ ದೃಢವಾಗದಿರುವುದು ಇದಕ್ಕೆ ಸಾಮಾನ್ಯ ಕಾರಣ.

ನಮ್ಮ ಕಡೆಯವರಿಗೆ ಇನ್ನೊಂದು ಸಿಕ್ಕು ಇದ್ದೇ ಇದೆ: ಇನಿಷಿಯಲ್. ಆಧಾರ್‌ನಲ್ಲಿ ಹೆಸರಿನ ಮುಂದೆ ಒಂದಕ್ಷರ, ಪ್ಯಾನ್‌ನಲ್ಲಿ ಅದೇ ಅಕ್ಷರ ಬಿಡಿಸಿ ತಂದೆಯ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಎರಡೂ ಇಲ್ಲ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಜನ. ಹೊಂದಿಕೆಯಾಗದಿದ್ದರೆ ಫಂಡ್ ಸಂಸ್ಥೆಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಆಧಾರ್ ಅಥವಾ ಪ್ಯಾನ್, ಎರಡರಲ್ಲಿ ಒಂದನ್ನು ಮೊದಲು ತಿದ್ದಿಸಿ, ಆಮೇಲೆ ಕೆವೈಸಿ ಬದಲಾವಣೆಯ ಅರ್ಜಿ ಹಾಕಬೇಕು. ಪ್ಯಾನ್ ಮತ್ತು ಆಧಾರ್ ಜೋಡಣೆಯಾಗಿದೆಯೇ ಎಂಬುದನ್ನೂ ಅದೇ ಹೊತ್ತಿಗೆ ನೋಡಿಬಿಡುವುದು ಒಳ್ಳೆಯದು.

ಹಣ ಹೂಡಿಕೆದಾರರ ಸ್ವಂತ ಖಾತೆಯಿಂದಲೇ ಹೋಗಬೇಕು. ಅಪ್ಪನ ಯುಪಿಐನಿಂದಲೋ ಗೆಳತಿಯ ಖಾತೆಯಿಂದಲೋ ಕಟ್ಟಿದರೆ ಅರ್ಜಿ ತಿರಸ್ಕಾರವಾಗಿ ಹಣ ವಾಪಸು ಬರುತ್ತದೆ.

ಎರಡನೆಯದು: ದಿನಾಂಕ

ಕೆವೈಸಿ ಸರಿಪಡಿಸಿದ ಮೇಲೆ ಐದೂ ಎಸ್‌ಐಪಿಗಳಿಗೆ ಆಕೆ ಕೊಟ್ಟ ದಿನಾಂಕ ತಿಂಗಳ 3. ಸಂಬಳ ಬರುವುದು 5ಕ್ಕೆ. ಫೆಬ್ರುವರಿ, ಮಾರ್ಚ್ ಎರಡೂ ತಿಂಗಳು ಸಂಬಳದ ಖಾತೆಯಲ್ಲಿ ಹಣ ಸಾಲದೆ ಐದೂ ಕಂತು ಮರಳಿದವು. ಇಲ್ಲಿ ಹೊಸಬರಿಗೆ ತಿಳಿದಿರದ ವಿಷಯವೊಂದಿದೆ. ಕಂತು ತಪ್ಪಿದ್ದಕ್ಕೆ ಫಂಡ್ ಸಂಸ್ಥೆ ದಂಡ ಹಾಕುವುದಿಲ್ಲ, ಬ್ಯಾಂಕ್ ಹಾಕುತ್ತದೆ. ಅದೂ ಮರಳಿದ ಒಂದೊಂದು ಆಟೊ-ಡೆಬಿಟ್‌ಗೆ ಪ್ರತ್ಯೇಕ. ಬ್ಯಾಂಕಿನ ಶುಲ್ಕ ₹250 ಎಂದಿಟ್ಟುಕೊಂಡರೆ ಜಿಎಸ್‌ಟಿ ಸೇರಿ ₹295. ಐದು ಆದೇಶ, ಎರಡು ತಿಂಗಳು, ₹2,950. ಒಂದು ರೂಪಾಯಿಯೂ ಹೂಡಿಕೆಯಾಗುವ ಮೊದಲೇ ಇಷ್ಟು ಹೋಯಿತು. ಹೂಡಿಕೆಗೆಂದಿದ್ದ ಆ ಎರಡು ತಿಂಗಳ ₹24,000 ಕೂಡ ಖಾತೆಯಲ್ಲಿ ಕೂರಲಿಲ್ಲ, ಖರ್ಚಿನಲ್ಲಿ ಕರಗಿತು.

ಮಾಸಿಕ ಎಸ್‌ಐಪಿ ಸತತ ಮೂರು ಸಲ ತಪ್ಪಿದರೆ ಅದು ತಾನಾಗಿ ರದ್ದಾಗುತ್ತದೆ. ಅಷ್ಟರೊಳಗೆ ಆಕೆ ದಿನಾಂಕವನ್ನು 7ಕ್ಕೆ ಬದಲಾಯಿಸಿಕೊಂಡಳು. ಸಂಬಳ ಬಂದು ಎರಡು ಮೂರು ದಿನ ಬಿಟ್ಟು ಇಡುವುದೇ ಸರಿ. ಭಾನುವಾರ, ರಜೆ ಬಂದು ಸಂಬಳ ಒಂದು ದಿನ ತಡವಾದರೂ ತೊಂದರೆಯಿಲ್ಲ. 1ಕ್ಕೆ ಹೂಡಿದರೆ ಲಾಭ, 25ಕ್ಕೆ ಹೂಡಿದರೆ ನಷ್ಟ ಎಂಬ ಚರ್ಚೆಗೆ ದೀರ್ಘಾವಧಿಯಲ್ಲಿ ಅರ್ಥವಿಲ್ಲ.

ಎರಡು ಸಣ್ಣ ಸಂಗತಿ. ಬ್ಯಾಂಕಿಗೆ ಕೊಡುವ ಆದೇಶದಲ್ಲಿ ಕಾಣುವ ಮೊತ್ತ ಗರಿಷ್ಠ ಮಿತಿ ಮಾತ್ರ. ₹10,000ದ ಆದೇಶ, ₹1,000ದ ಎಸ್‌ಐಪಿ ಇದ್ದರೆ ಕಡಿತವಾಗುವುದು ₹1,000 ಮಾತ್ರ. ಮತ್ತೊಂದು, "ಮೊದಲ ಕಂತು ಈಗಲೇ" ಎಂಬ ಚೌಕಕ್ಕೆ ಗುರುತು ಹಾಕಿದರೆ ಅದೇ ತಿಂಗಳಲ್ಲಿ ಎರಡು ಸಲ ಹಣ ಹೋಗಬಹುದು. ಕೈ ಬಿಗಿಯಿರುವ ತಿಂಗಳಲ್ಲಿ ಕಂತು ಮರಳಲು ಅಷ್ಟೇ ಸಾಕು.

ಆಯ್ಕೆ ಎಲ್ಲಿ ತಪ್ಪಿತು

ಏಪ್ರಿಲ್ 7ರಿಂದ ಕಂತುಗಳು ಸರಾಗವಾಗಿ ಹೋದವು. ಈಗ ಫಂಡ್‌ಗಳನ್ನೇ ನೋಡೋಣ.

ಒಂದು ವರ್ಷದ ಲಾಭದ ಪ್ರಕಾರ ಜೋಡಿಸಿದ ಪಟ್ಟಿಯ ತಲೆಯಲ್ಲಿ ಬರುವುದು ಸಾಮಾನ್ಯವಾಗಿ ಒಂದೇ ವಲಯಕ್ಕೆ ಅಥವಾ ಸಣ್ಣ ಕಂಪನಿಗಳಿಗೆ ಹಣ ಹಾಕುವ ಫಂಡ್‌ಗಳು. ಅವು ಒಂದೇ ದಿಕ್ಕಿಗೆ ವಾಲಿರುತ್ತವೆ, ಆ ದಿಕ್ಕಿಗೆ ಗಾಳಿ ಬೀಸಿದ ವರ್ಷ ಮೇಲೆ, ತಿರುಗಿದ ವರ್ಷ ಪಟ್ಟಿಯ ಬುಡದಲ್ಲಿ. ಹಾಗಾಗಿ ಆ ಪಟ್ಟಿ ತೋರಿಸುವುದು ಫಂಡಿನ ಗುಣಕ್ಕಿಂತ ಹೆಚ್ಚಾಗಿ ಕಳೆದ ವರ್ಷದ ಮಾರುಕಟ್ಟೆಯನ್ನು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2017ರಲ್ಲಿ ಮಾಡಿದ ವರ್ಗೀಕರಣದ ಪ್ರಕಾರ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು ಲಾರ್ಜ್ ಕ್ಯಾಪ್, 101ರಿಂದ 250 ಮಿಡ್ ಕ್ಯಾಪ್, 251ರಿಂದ ಕೆಳಗಿನವು ಸ್ಮಾಲ್ ಕ್ಯಾಪ್. ಆಕೆಯ ₹12,000ದಲ್ಲಿ ₹9,000 ಹೋದದ್ದು ಸ್ಮಾಲ್, ಮಿಡ್ ಮತ್ತು ಒಂದು ವಲಯಕ್ಕೆ. ಫಂಡ್ ಐದಿದ್ದರೂ ಅಪಾಯ ಹಂಚಿಕೆಯಾಗಲಿಲ್ಲ.

ಇಎಲ್‌ಎಸ್‌ಎಸ್ ಇನ್ನೂ ವಿಚಿತ್ರ. ಇದಕ್ಕೆ ತೆರಿಗೆ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಆಕೆ ಕಂಪನಿಗೆ ಏನೂ ತಿಳಿಸದೆ ಇದ್ದುದರಿಂದ ಇರುವುದು ಹೊಸ ಪದ್ಧತಿಯಲ್ಲಿ, 2023–24ರಿಂದ ಅದೇ ತಾನಾಗಿ ಅನ್ವಯವಾಗುವ ಪದ್ಧತಿ. ಅಂದರೆ ತೆರಿಗೆಯಲ್ಲಿ ಒಂದು ರೂಪಾಯಿ ಉಳಿತಾಯವಿಲ್ಲ, ಮೂರು ವರ್ಷದ ಬೀಗ ಮಾತ್ರ ಬಿತ್ತು. ಆ ಬೀಗವೂ ಕಂತಿಗೊಂದು: ಏಪ್ರಿಲ್‌ನ ಕಂತು ಮೂರು ವರ್ಷದ ನಂತರದ ಏಪ್ರಿಲ್‌ನಲ್ಲಿ ಬಿಡುಗಡೆ, ಮೇ ತಿಂಗಳದ್ದು ಮೇನಲ್ಲಿ.

ಬ್ಯಾಂಕಿನಲ್ಲಿ ಮಾಡಿಸಿದ ಲಾರ್ಜ್ ಕ್ಯಾಪ್ ಫಂಡಿನ ಹೆಸರಿನ ಬಾಲವನ್ನು ಆಕೆ ಓದಿರಲಿಲ್ಲ. ಅದರಲ್ಲಿ "ರೆಗ್ಯುಲರ್ – ಐಡಿಸಿಡಬ್ಲ್ಯು" ಎಂದಿತ್ತು. ಫಂಡಿನ ಹೆಸರಿಗಿಂತ ಈ ಬಾಲಕ್ಕೆ ಹೆಚ್ಚು ಗಮನ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಐಡಿಸಿಡಬ್ಲ್ಯು ಎಂದರೆ ಹಿಂದೆ ಡಿವಿಡೆಂಡ್ ಎನ್ನುತ್ತಿದ್ದ ಆಯ್ಕೆ. ಒಂದು ಯೂನಿಟ್‌ನ ಎನ್‌ಎವಿ (ಆ ದಿನದ ಬೆಲೆ) ₹40 ಇದ್ದು ₹2 ಹಂಚಿದರೆ ಎನ್‌ಎವಿ ₹38ಕ್ಕೆ ಇಳಿಯುತ್ತದೆ. ನಿಮ್ಮದೇ ಹಣ ನಿಮ್ಮ ಕೈಗೆ ಬರುತ್ತದೆ, ಜೊತೆಗೆ ಆ ₹2 ನಿಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆಗೆ ಒಳಪಡುತ್ತದೆ. ಬೆಳೆಸುವ ಉದ್ದೇಶವಿದ್ದರೆ ಆರಿಸಬೇಕಾದ್ದು ಲಾಭವನ್ನು ಹಂಚದೆ ಫಂಡಿನಲ್ಲೇ ಬಿಡುವ "ಗ್ರೋತ್".

ರೆಗ್ಯುಲರ್ ಎಂದರೆ ಮಾರಾಟಗಾರರ ಕಮಿಷನ್ ಫಂಡಿನ ವೆಚ್ಚದೊಳಗೆ ಸೇರಿದೆ ಎಂದರ್ಥ. ಅದು ಬಿಲ್ಲಿನಲ್ಲಿ ಕಾಣುವುದಿಲ್ಲ, ದಿನದಿನವೂ ಎನ್‌ಎವಿಯಿಂದ ಕಳೆದುಹೋಗಿರುತ್ತದೆ. ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗಳು 2013ರ ಜನವರಿಯಿಂದ ಇವೆ. ವ್ಯತ್ಯಾಸ ವರ್ಷಕ್ಕೆ ಶೇ 1 ಎಂದು ಹಿಡಿದು ನೋಡಿ: ತಿಂಗಳಿಗೆ ₹5,000, 20 ವರ್ಷ, ವರ್ಷಕ್ಕೆ ಶೇ 12 ಬೆಳೆದರೆ ಸುಮಾರು ₹50 ಲಕ್ಷ, ಶೇ 11 ಬೆಳೆದರೆ ಸುಮಾರು ₹43.7 ಲಕ್ಷ. ಈ ದರಗಳಿಗೆ ಯಾರೂ ಖಾತರಿ ಕೊಡಲಾರರು, ಒಂದು ಶೇಕಡಾ ಎಷ್ಟು ದೊಡ್ಡದು ಎಂದು ತೋರಿಸಲಷ್ಟೇ ಲೆಕ್ಕ. ಮಾರುಕಟ್ಟೆ ಬಿದ್ದಾಗ ಕೈಹಿಡಿದು ನಿಲ್ಲಿಸುವ ಏಜೆಂಟ್ ಸಿಕ್ಕರೆ ಆ ಕಮಿಷನ್ ದಂಡವೇನಲ್ಲ. ಆದರೆ ಆಕೆಗೆ ಆ ಸೇವೆಯೂ ಸಿಗಲಿಲ್ಲ. ಇನ್ನು ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಬದಲಾಯಿಸುವುದೆಂದರೆ ಕಾನೂನಿನ ಕಣ್ಣಲ್ಲಿ ಮಾರಿ ಮತ್ತೆ ಕೊಂಡಂತೆ. ಎಕ್ಸಿಟ್ ಲೋಡ್ (ಅವಧಿಗೆ ಮೊದಲೇ ಹಣ ತೆಗೆದರೆ ಹಿಡಿಯುವ ಶುಲ್ಕ), ತೆರಿಗೆ ಎರಡೂ ಅನ್ವಯಿಸುತ್ತವೆ.

ಜೂನ್ ಬಂತು

ಹದಿನೈದು ಕಂತು ಆಗಿದೆ. ಶುಲ್ಕ ಕಟ್ಟುವ ತಿಂಗಳು ಮಾರುಕಟ್ಟೆ ಇಳಿದಿತ್ತು. ದೊಡ್ಡ ಕುಸಿತವೇನಲ್ಲ. 2020ರ ಜನವರಿ 14ರಂದು 12,362ರಲ್ಲಿ ಮುಗಿದಿದ್ದ ನಿಫ್ಟಿ 50 ಸೂಚ್ಯಂಕ (50 ದೊಡ್ಡ ಕಂಪನಿಗಳ ಷೇರು ಬೆಲೆಯ ಅಳತೆ) ಮಾರ್ಚ್ 23ಕ್ಕೆ 7,610ಕ್ಕೆ ಬಂದಿತ್ತು, ಎರಡೂವರೆ ತಿಂಗಳೊಳಗೆ ಶೇ 38ರಷ್ಟು ಇಳಿಕೆ. ಅದೇ ನವೆಂಬರ್ ಹೊತ್ತಿಗೆ ಹಳೆಯ ಮಟ್ಟ ದಾಟಿತು. ಕಾಯಬಲ್ಲವರಿಗೆ ಅದು ಬರೀ ಕೆಟ್ಟ ವರ್ಷ, ಆ ಏಪ್ರಿಲ್‌ನಲ್ಲೇ ಶುಲ್ಕ ಕಟ್ಟಬೇಕಿದ್ದವರಿಗೆ ಶಾಶ್ವತ ನಷ್ಟ. ಅದಕ್ಕೆ ಹೋಲಿಸಿದರೆ ಆಕೆಗೆ ಬಿದ್ದ ಪೆಟ್ಟು ಚಿಕ್ಕದು.

ಜೂನ್ 20ರಂದು ಲೆಕ್ಕ ಹೀಗಿತ್ತು. ಸ್ಮಾಲ್ ಕ್ಯಾಪ್‌ನಲ್ಲಿ ಹಾಕಿದ ₹60,000 ಈಗ ₹54,000. ಮಿಡ್ ಕ್ಯಾಪ್‌ನ ₹45,000 ಈಗ ₹41,500. ತಂತ್ರಜ್ಞಾನ ಫಂಡಿನ ₹30,000 ಈಗ ₹26,500. ಲಾರ್ಜ್ ಕ್ಯಾಪ್‌ನ ₹15,000 ಈಗ ₹14,400. ತೆಗೆಯಬಹುದಾದ ಒಟ್ಟು ಮೊತ್ತ ₹1,36,400, ನಷ್ಟ ₹13,600. ಇಎಲ್‌ಎಸ್‌ಎಸ್‌ನ ₹30,000 ಸುಮಾರು ₹28,000 ಆಗಿದ್ದರೂ ಅದನ್ನು ಮುಟ್ಟುವಂತಿಲ್ಲ.

ಎಕ್ಸಿಟ್ ಲೋಡ್ ಇಲ್ಲಿ ಅನಿರೀಕ್ಷಿತವಾಗಿ ಬಂತು. "ಎಸ್‌ಐಪಿ ಶುರುವಾಗಿ ವರ್ಷದ ಮೇಲಾಯಿತು, ಲೋಡ್ ಯಾಕೆ?" ಎಂಬುದು ಆಕೆಯ ಪ್ರಶ್ನೆ. ಅವಧಿ ಎಣಿಸುವುದು ಎಸ್‌ಐಪಿ ಶುರುವಾದ ದಿನದಿಂದಲ್ಲ, ಒಂದೊಂದು ಕಂತಿನ ದಿನದಿಂದ. ಮೊದಲು ಕೊಂಡ ಯೂನಿಟ್ ಮೊದಲು ಹೋಗುತ್ತದೆ. ಏಪ್ರಿಲ್, ಮೇ, ಜೂನ್‌ನ ಮೂರು ಕಂತಿಗೆ ವರ್ಷ ದಾಟಿದೆ, ಉಳಿದ ಹನ್ನೆರಡಕ್ಕೆ ದಾಟಿಲ್ಲ. ಲೋಡ್ ಯೋಜನೆಯಿಂದ ಯೋಜನೆಗೆ ಬೇರೆ. ನಾಲ್ಕರಲ್ಲೂ ವರ್ಷದೊಳಗೆ ಶೇ 1 ಎಂದಿಟ್ಟುಕೊಂಡರೆ, ಆ ಹನ್ನೆರಡು ಕಂತುಗಳ ಮೌಲ್ಯ ಸುಮಾರು ₹1,10,000ದ ಮೇಲೆ ₹1,100. ಕೈಗೆ ಬಂದದ್ದು ₹1,35,300. ಹಣ ಖಾತೆಗೆ ಸೇರಲು ಸಾಮಾನ್ಯವಾಗಿ ಎರಡು ಕೆಲಸದ ದಿನ ಹಿಡಿಯುತ್ತದೆ, ಶುಲ್ಕದ ಕೊನೆಯ ದಿನ ಬೆಳಿಗ್ಗೆ ಅರ್ಜಿ ಹಾಕಿದರೆ ಆಗದು.

ಕಡಿಮೆ ಬಿದ್ದ ₹64,700 ಉಳಿತಾಯ ಖಾತೆಯಿಂದ ಹೋಯಿತು. ಅಲ್ಲಿ ಉಳಿದದ್ದು ₹25,300.

ಈಗ ಕ್ರೆಡಿಟ್ ಕಾರ್ಡ್. ₹38,000ಕ್ಕೆ ತಿಂಗಳ ಬಡ್ಡಿ ₹1,330, ಜಿಎಸ್‌ಟಿ ಸೇರಿ ಸುಮಾರು ₹1,569. ಬಿಲ್ಲಿನ ಶೇ 5ರಷ್ಟು ಕನಿಷ್ಠ ಪಾವತಿ ಎಂದರೆ ಸುಮಾರು ₹1,980. ಅದರಲ್ಲಿ ಅಸಲಿಗೆ ಹೋಗುವುದು ₹410. ಹೊಸ ಖರೀದಿ ಒಂದೂ ಮಾಡದಿದ್ದರೂ ಹದಿನೇಳು ತಿಂಗಳಲ್ಲಿ ಬಡ್ಡಿ ಮತ್ತು ತೆರಿಗೆಗೆ ಹೋದದ್ದು ಸುಮಾರು ₹24,500, ಬಾಕಿ ಇನ್ನೂ ಸುಮಾರು ₹31,600. ಮಾರುಕಟ್ಟೆ ನುಂಗಿದ್ದು ₹13,600, ಕಾರ್ಡ್ ನುಂಗಿದ್ದು ಅದರ ಒಂದೂಮುಕ್ಕಾಲು ಪಟ್ಟು. ಆಕೆ ದೂರಿದ್ದು ಮಾತ್ರ ಮ್ಯೂಚುವಲ್ ಫಂಡನ್ನು.

ಅದೇ ಅಂಕಿಗಳಿಂದ ಮತ್ತೆ ಶುರು ಮಾಡಿದರೆ

ಜನವರಿಯ ಆ ಸಂಜೆಗೆ ಮರಳೋಣ. ₹90,000ದಿಂದ ₹38,000 ತೆಗೆದು ಕಾರ್ಡ್ ತೀರಿಸಬೇಕಿತ್ತು. ಜಿಎಸ್‌ಟಿ ಬಿಟ್ಟು ಬರೀ ಬಡ್ಡಿಯೇ ವರ್ಷಕ್ಕೆ ಶೇ 42 ಇರುವ ಸಾಲವನ್ನು ಸೋಲಿಸುವ ಫಂಡ್ ಇಲ್ಲ. ಉಳಿದ ₹52,000 ತುರ್ತು ನಿಧಿಯ ಮೊದಲ ಭಾಗ. ನಾಲ್ಕು ತಿಂಗಳ ಖರ್ಚು ₹1,24,000 ಅದರ ಗುರಿ. ₹20,000 ಉಳಿತಾಯ ಖಾತೆಯಲ್ಲಿ, ಮಿಕ್ಕದ್ದು ಠೇವಣಿ ಅಥವಾ (ಅಲ್ಪಾವಧಿ ಸಾಲಪತ್ರಗಳಲ್ಲಿ ಹೂಡುವ) ಲಿಕ್ವಿಡ್ ಫಂಡ್‌ನಲ್ಲಿ ಇಟ್ಟರಾಯಿತು.

ದಿನಾಂಕ ಗೊತ್ತಿರುವ ಶುಲ್ಕಕ್ಕೆ ಬ್ಯಾಂಕಿನ ಮಾಸಿಕ ಠೇವಣಿ, ಅಂದರೆ ಆರ್‌ಡಿ. ತಿಂಗಳಿಗೆ ₹12,000ದಂತೆ 16 ಕಂತು ₹1,92,000. ಬಡ್ಡಿ ಶೇ 6.5 ಎಂದುಕೊಂಡರೆ ಸುಮಾರು ₹8,800 ಸೇರಿ ₹2 ಲಕ್ಷಕ್ಕೆ ಸರಿಯಾಗಿ ಮುಟ್ಟುತ್ತದೆ. ಆಕೆ ಐದು ಫಂಡ್‌ಗಳಿಗೆ ಹಂಚಿದ್ದೂ ಇದೇ ₹12,000. ಆರ್‌ಡಿ ಬೇಸರದ ಸಾಧನ, ಒಪ್ಪೋಣ. ಆದರೆ ಹದಿನೇಳು ತಿಂಗಳ ಹಣಕ್ಕೆ ಬೇಸರವೇ ಬೇಕು. ಷೇರುಗಳಲ್ಲಿ ಹೂಡುವ ಈಕ್ವಿಟಿ ಫಂಡ್‌ಗೆ ಕನಿಷ್ಠ ಐದು, ಸಾಧ್ಯವಾದರೆ ಏಳು ವರ್ಷ ಬೇಡದ ಹಣ ಹೋಗಲಿ.

₹15,000ದಲ್ಲಿ ಉಳಿದದ್ದು ₹3,000. ತುರ್ತು ನಿಧಿಗೆ ₹2,000. ಎಸ್‌ಐಪಿಗೆ ₹1,000.

ಸಾವಿರ ಎಂದಾಗ ಹಲವರಿಗೆ ಅವಮಾನವಾದಂತೆ ಆಗುತ್ತದೆ. ಆದರೆ ತಿಂಗಳಿಗೆ ಹದಿನೈದು ಸಾವಿರ ಉಳಿಸುವ ಈ ವ್ಯಕ್ತಿಗೆ ಆ ಹೊತ್ತಿನಲ್ಲಿ ಸರಿಯಾದ ಎಸ್‌ಐಪಿ ಅಷ್ಟೇ. ಎಸ್‌ಐಪಿಯ ಮೊತ್ತ ತಿಂಗಳ ಉಳಿಕೆಯಿಂದ ಬರುವುದಿಲ್ಲ. ಸಾಲ, ತುರ್ತು ನಿಧಿ, ದಿನಾಂಕವಿರುವ ಖರ್ಚು, ಇವು ಮೂರೂ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿಯುವುದರಿಂದ ಬರುತ್ತದೆ. ಆ ಸಾವಿರಕ್ಕೆ ಐದು ಫಂಡ್ ಬೇಡ, ನಿಫ್ಟಿ 50 ಸೂಚ್ಯಂಕದ ಒಂದು ಫಂಡ್, ಡೈರೆಕ್ಟ್, ಗ್ರೋತ್, ಸಾಕು. ಇಂಥ ಫಂಡ್‌ಗಳೆಲ್ಲ ಕೊಳ್ಳುವುದು ಅದೇ 50 ಕಂಪನಿಗಳ ಷೇರು. ಹಾಗಾಗಿ ಹೋಲಿಸಬೇಕಾದ್ದು ವೆಚ್ಚದ ಅನುಪಾತ ಮತ್ತು ಸೂಚ್ಯಂಕದಿಂದ ಎಷ್ಟು ಹಿಂದೆ ಬಿದ್ದಿದೆ ಎಂಬುದು ಮಾತ್ರ.

ಜೂನ್ ನಂತರ ಮಾಡಿದ್ದು

ಹಣ ತೆಗೆದ ಮಾತ್ರಕ್ಕೆ ಎಸ್‌ಐಪಿ ನಿಲ್ಲುವುದಿಲ್ಲ. ಐದೂ ಎಸ್‌ಐಪಿಗಳನ್ನು ಫಂಡ್ ಸಂಸ್ಥೆಯ ಕಡೆಯಿಂದಲೇ ಬೇರೆಯಾಗಿ ರದ್ದು ಮಾಡಬೇಕಾಯಿತು, ಮುಂದಿನ ಕಂತಿಗೆ ಒಂದು ವಾರ ಇರುವಾಗಲೇ. ಬ್ಯಾಂಕಿನ ಆದೇಶವನ್ನು ಮಾತ್ರ ಅಳಿಸಿದರೆ ಸತತ ಮೂರು ಸಲ ತಪ್ಪಿ ಎಸ್‌ಐಪಿ ರದ್ದಾಗುವ ತನಕ ಫಂಡ್ ಸಂಸ್ಥೆ ಕಂತು ಕೇಳುತ್ತಲೇ ಇರುತ್ತದೆ, ಅದು ತಪ್ಪುತ್ತಲೇ ಇರುತ್ತದೆ.

ಉಳಿದ ₹25,300ದಲ್ಲಿ ₹20,000 ಕಾರ್ಡಿಗೆ ಹೋಯಿತು. ಮುಂದಿನ ತಿಂಗಳ ಉಳಿಕೆಯಲ್ಲಿ ಮಿಕ್ಕ ₹11,600 ಮತ್ತು ಅದರ ಬಡ್ಡಿ ತೀರಿತು. ಆಮೇಲೆ ತಿಂಗಳಿಗೆ ₹14,000 ತುರ್ತು ನಿಧಿಗೆ, ₹1,000 ಸೂಚ್ಯಂಕ ಫಂಡ್‌ಗೆ. ತುರ್ತು ನಿಧಿ ತುಂಬಲು ಎಂಟೊಂಬತ್ತು ತಿಂಗಳು ಬೇಕು, ಅಲ್ಲಿಯವರೆಗೆ ಸಾವಿರ ಸಾವಿರವಾಗಿಯೇ ಇರುತ್ತದೆ.

ಮೊದಲ ಕಂತು ಹೋದ ಮೇಲೆ ಖಾತೆ ವಿವರ ಬಂದಾಗ ನೋಡಬೇಕಾದ್ದು ಇವು: ಹೆಸರು, ಪ್ಯಾನ್, ಬ್ಯಾಂಕ್ ಖಾತೆ ಸರಿಯಿವೆಯೇ, ನಾಮಿನಿ ದಾಖಲಾಗಿದ್ದಾರೆಯೇ, ಯೋಜನೆಯ ಹೆಸರಿನ ಕೊನೆಗೆ ಡೈರೆಕ್ಟ್ ಗ್ರೋತ್ ಎಂದಿದೆಯೇ. ₹1,000 ಕೊಟ್ಟರೆ ಹೂಡಿಕೆ ₹999.95 ಎಂದು ಕಾಣುತ್ತದೆ. ಐದು ಪೈಸೆ ಮುದ್ರಾಂಕ ಶುಲ್ಕ, 2020ರ ಜುಲೈಯಿಂದ ಶೇ 0.005. ಯಾರೂ ಕದ್ದಿಲ್ಲ.

ತೆರಿಗೆ ಕೆಲಸ ಒಂದು ಬಾಕಿಯಿತ್ತು. ಈಕ್ವಿಟಿ ಫಂಡ್‌ನಲ್ಲಿ ಹನ್ನೆರಡು ತಿಂಗಳೊಳಗಿನ ಲಾಭಕ್ಕೆ ಶೇ 20, ಅದಕ್ಕಿಂತ ಹಳೆಯ ಲಾಭ ವರ್ಷಕ್ಕೆ ₹1.25 ಲಕ್ಷ ಮೀರಿದರೆ ಮೀರಿದ್ದಕ್ಕೆ ಶೇ 12.5, 2024ರ ಜುಲೈ 23ರಿಂದ ಜಾರಿಯಾದ ದರ. ಆಕೆಗೆ ಆದದ್ದು ನಷ್ಟ, ತೆರಿಗೆ ಇಲ್ಲ. ಆದರೆ ಆ ನಷ್ಟಕ್ಕೂ ಬೆಲೆಯಿದೆ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಎಂಟು ವರ್ಷದವರೆಗೆ ಮುಂದಕ್ಕೆ ಒಯ್ದು ಮುಂದಿನ ಲಾಭದಲ್ಲಿ ಕಳೆಯಬಹುದು. ಹನ್ನೆರಡು ಕಂತುಗಳ ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಬಂಡವಾಳ ಲಾಭದಲ್ಲಿ ಕಳೆಯಬಹುದು, ಹಳೆಯ ಮೂರು ಕಂತುಗಳದ್ದನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ. ಸಂಬಳದಾರರು ರೂಢಿಯಿಂದ ತುಂಬುವ ಐಟಿಆರ್-1ರಲ್ಲಿ ನಷ್ಟ ಮುಂದಕ್ಕೆ ಒಯ್ಯುವ ಅವಕಾಶವಿಲ್ಲ, ಐಟಿಆರ್-2 ತುಂಬಬೇಕು.

ಇಎಲ್‌ಎಸ್‌ಎಸ್‌ನ ಹದಿನೈದು ಕಂತು ಹಾಗೇ ಇದೆ. ಬೀಗ ತೆರೆದ ಕೂಡಲೇ ತೆಗೆಯಲೇಬೇಕೆಂಬ ನಿಯಮವಿಲ್ಲ. ಅದನ್ನು ದೀರ್ಘಾವಧಿಯ ಹಣವೆಂದು ಸೂಚ್ಯಂಕ ಫಂಡಿನ ಜೊತೆಗೇ ಎಣಿಸಿ, ಮೊದಲ ಕಂತು ಬಿಡುಗಡೆಯಾಗುವ ಏಪ್ರಿಲ್‌ನಲ್ಲಿ ಇಡಬೇಕೇ ಬದಲಾಯಿಸಬೇಕೇ ಎಂದು ನೋಡುವುದೆಂದು ತೀರ್ಮಾನವಾಯಿತು.